ಭೂಪಾಲ ಸರ್ ಎಳೆದ ಗೆರೆ

ಭೂಪಾಲ ಮಗದುಮ್ ಎಂಬ ಮನುಷ್ಯನಿಗೆ ಹೇಸಿಗೆಯಾಗದ ವಸ್ತು ಈ ಭೂಮಿಯ ಮೇಲೆ ಒಂದಾದರೂ ಇದೆಯೇ ಎಂದು ಅವನು ಫಿಸಿಕ್ಸ್ ಕಲಿಸುವ ರಾಯಬಾಗದ ಕಾಲೇಜಿನಲ್ಲಿ ಯಾರನ್ನು ಕೇಳಿದರೂ ತಲೆ ಕೆರೆದುಕೊಳ್ಳುತ್ತಾರೆ. ಚಿಕ್ಕೋಡಿಯಲ್ಲಿ ಬೆಳಗಿನ ಬಸ್ಸು ಹತ್ತುವ ಮೊದಲೇ ಅವನ ಕರವಸ್ತ್ರ ಮೂಗಿಗೆ ಹೋಗಿರುತ್ತದೆ. ಕಿಟಕಿಯ ಕೆಳಗೆ ಗುಟಕಾದ ಕೆಂಪು ಉಗುಳು ಒಣಗಿ ಪಟ್ಟೆ ಕಟ್ಟಿದೆ. ಸೀಟಿನ ಸಂದಿಯಲ್ಲಿ ಯಾರೋ ಪುಣ್ಯಾತ್ಮರು ಶೇಂಗಾ ಸಿಪ್ಪೆ ತುರುಕಿದ್ದಾರೆ. ಮುಂದಿನ ಸೀಟಿನವ ಉಗುರು ಕಚ್ಚಿ ಕಚ್ಚಿ ಗಾಳಿಗೆ ತೂರುತ್ತಿದ್ದಾನೆ. ಕಬ್ಬಿನ ಹಂಗಾಮು ಶುರುವಾಯಿತೋ, ಮುಗಿದೇಹೋಯಿತು. ಸಕ್ಕರೆ ಕಾರ್ಖಾನೆಯ ಕಾಕಂಬಿಯ ಹುಳಿ ನಾತ ಟಿಕೆಟ್ಟಿಲ್ಲದೆ ಬಸ್ಸು ಹತ್ತಿ ಪಕ್ಕದಲ್ಲೇ ಕೂರುತ್ತದೆ.

ಚಹಾದಂಗಡಿಯವನು ಒಂದೇ ಬಕೆಟ್ಟಿನಲ್ಲಿ ಎಲ್ಲರ ಗ್ಲಾಸು ಮುಳುಗಿಸಿ ಎತ್ತುವುದನ್ನು ಕಂಡ ದಿನದಿಂದ ಭೂಪಾಲ ಹೊರಗೆ ಚಹಾ ಕುಡಿದವನಲ್ಲ. ವಿದ್ಯಾರ್ಥಿಗಳ ಪೆನ್ನು ಮುಟ್ಟಿದವನಲ್ಲ. ಅದರ ಕ್ಯಾಪಿನ ಮೇಲೆ ಹಲ್ಲಿನ ಗುರುತು ಕಂಡರೆ ಸಾಕು, ಎರಡು ಹೆಜ್ಜೆ ಹಿಂದೆ ಸರಿಯುತ್ತಾನೆ. ಸಹಿ ಬೇಕಾದರೆ ಅವನ ಜೇಬಿನ ಪೆನ್ನೇ ಆಗಬೇಕು. ಅದನ್ನು ಮನೆಯಲ್ಲಿ ಮರೆತು ಬಂದ ದಿನ ಯಾರಿಗೂ ಸಹಿಯಿಲ್ಲ.

ಜೈನರ ಮನೆಯವನು, ಅದಕ್ಕೇ ಇಷ್ಟು ಮಡಿ ಎಂದುಕೊಂಡರೆ ತಪ್ಪಾಗುತ್ತದೆ. ಅವನ ಹೆಂಡತಿ ತೃಪ್ತಿಯೂ ನೀರು ಸೋಸಿಯೇ ಕುಡಿಯುತ್ತಾಳೆ, ಹೊತ್ತು ಮುಳುಗುವ ಮೊದಲೇ ಉಣ್ಣುತ್ತಾಳೆ, ಉಳ್ಳಾಗಡ್ಡಿ ಬಟಾಟಿಯಂಥ ಗಡ್ಡೆಗಳನ್ನು ಹೊಸ್ತಿಲೊಳಗೆ ತರುವುದಿಲ್ಲ. ಆದರೆ ಅವಳು ಬಸ್ಸಿನಲ್ಲಿ ಗುರುತಿಲ್ಲದ ಹೆಂಗಸಿನ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಅದರ ಸಿಂಬಳವನ್ನು ತನ್ನ ಸೆರಗಿನಿಂದಲೇ ಒರೆಸುತ್ತಾಳೆ. "ನಿಮ್ಮದು ಧರ್ಮದ ಮಡಿ ಅಲ್ಲರಿ, ಮೂಗಿನ ಮಡಿ," ಎನ್ನುತ್ತಾಳೆ.

ಆ ಮೂಗು ತಯಾರಾದದ್ದು ನಿಪ್ಪಾಣಿಯಲ್ಲಿ. ಅಪ್ಪ ಅಲ್ಲಿಯ ತಂಬಾಕಿನ ಗೋದಾಮೊಂದರಲ್ಲಿ ಗುಮಾಸ್ತನಾಗಿದ್ದ. ಅಂಗಿಯಲ್ಲಿ ಘಾಟು, ಹಾಸಿಗೆಯಲ್ಲಿ ಘಾಟು, ಅವ್ವ ಬಡಿದ ಭಕ್ಕರಿಯಲ್ಲೂ ಘಾಟು. ಸೀನಿ ಸೀನಿ ದೊಡ್ಡವನಾದ ಹುಡುಗ ದೂಳಿಲ್ಲದ ವಿದ್ಯೆ ಯಾವುದಿದೆ ಎಂದು ಹುಡುಕಿಕೊಂಡು ಹೋಗಿ ಕೊನೆಗೆ ನಕ್ಷತ್ರಗಳನ್ನು ಹಿಡಿದ. ಯಾರ ಕೈಯೂ ತಾಗದ, ಯಾರೂ ಉಗುಳದ ವಸ್ತು ಅದೊಂದೇ ಎಂದು ಅವನಿಗೆ ಅನಿಸಿರಬೇಕು. ಆದರೆ ಹಣೆಬರಹ ನೋಡಿ, ನಕ್ಷತ್ರ ಬಿಟ್ಟು ನಡುದಾರಿಯ ಕೊಳೆಯನ್ನು ಅಳೆಯುವ ಕೆಲಸವೇ ಅವನ ಪಾಲಿಗೆ ಬಂತು.

ಆ ಕೆಲಸ ಎಂಥದ್ದು ಎಂದು ಹೇಳಿಬಿಡುತ್ತೇನೆ. ಅವನು ಹೇಳತೊಡಗಿದರೆ ಸಂಜೆಯಾಗುತ್ತದೆ. ಕಬ್ಬಿನ ಟ್ರಾಲಿ ಹೋದ ಮೇಲೆ ಎದ್ದ ದೂಳಿನಾಚೆ ಒಂದು ಮೋಟರ್ ಸೈಕಲ್ಲಿನ ದೀಪ ಕಂಡರೆ ಅದು ಮಂಕಾಗಿ, ಕೆಂಪಗೆ ಕಾಣುತ್ತದಲ್ಲವೆ? ನಕ್ಷತ್ರಕ್ಕೂ ನಮಗೂ ನಡುವೆ ಅಂಥದೇ ದೂಳು, ಅನಿಲ ಹರಡಿಕೊಂಡಿವೆ. ಬಹಳ ಬಿಸಿಯಾದ ನೀಲಿ ನಕ್ಷತ್ರದ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ಗ್ರಾಫು ಹಾಕಿದರೆ ಅದು ಹೆಚ್ಚು ಕಡಿಮೆ ತೊಳೆದಿಟ್ಟ ಹಾಳೆ. ಅದರ ಸ್ವಂತ ಗುರುತುಗಳು ಕಡಿಮೆ, ಇದ್ದವೂ ಅಗಲ. ಹಾಗಾಗಿ ನಡುದಾರಿಯ ವಸ್ತು ನುಂಗಿದ ಬೆಳಕಿನ ಜಾಗದಲ್ಲಿ ಸಣ್ಣ ತಗ್ಗುಗಳು ಎದ್ದು ಕಾಣುತ್ತವೆ. ಅವುಗಳಲ್ಲಿ ಹಳದಿ ಬಣ್ಣದ ಕಡೆಗಿರುವ ಒಂದು ತಗ್ಗನ್ನು ಭೂಪಾಲ ಹಿಡಿದಿದ್ದ. ಅದು ಯಾವ ವಸ್ತು ಮಾಡಿದ ತಗ್ಗು ಎಂದು ಇವತ್ತಿಗೂ ಖಚಿತವಾಗಿ ಹೇಳಿದವರಿಲ್ಲ.

ತಗ್ಗನ್ನು ಅಳೆಯಬೇಕಾದರೆ ಮೊದಲು ಅದರ ಬಾಯಿಗೆ ಅಡ್ಡವಾಗಿ ಒಂದು ಗೆರೆ ಎಳೆಯಬೇಕು. ನಡುವೆ ಏನೂ ಇಲ್ಲದಿದ್ದರೆ ಬೆಳಕು ಎಲ್ಲಿ ಇರುತ್ತಿತ್ತು ಎಂದು ತೋರಿಸುವ ಗೆರೆ ಅದು. ಕಂಪ್ಯೂಟರಿನಲ್ಲಿ ತಗ್ಗಿನ ಆಚೆ ಒಂದು, ಈಚೆ ಒಂದು ಕ್ಲಿಕ್ ಮಾಡಿದರೆ ಗೆರೆ ಬೀಳುತ್ತದೆ, ಗೆರೆಯ ಕೆಳಗಿನ ಜಾಗ ಎಷ್ಟೆಂದು ಅದೇ ಲೆಕ್ಕ ಹಾಕಿ ಕೊಡುತ್ತದೆ. ಆದರೆ ಎಲ್ಲಿ ಕ್ಲಿಕ್ ಮಾಡಬೇಕೆಂಬುದು ಅಳೆಯುವವನ ಕಣ್ಣಿಗೆ ಬಿಟ್ಟದ್ದು. ಈ ತಗ್ಗಿನ ದಂಡೆಯೂ ನೆಟ್ಟಗಿಲ್ಲ, ಇಳಿಜಾರು; ಒಂದು ಕೂದಲಿನಷ್ಟು ಮೇಲೆ ಇಟ್ಟರೆ ತಗ್ಗು ದೊಡ್ಡದು, ಕೆಳಗೆ ಇಟ್ಟರೆ ಸಣ್ಣದು. ಬೇರೆ ದೇಶದ ವೀಕ್ಷಣಾಲಯಗಳು ಬಿಟ್ಟಿಯಾಗಿ ಇಂಟರ್ನೆಟ್ಟಿಗೆ ಹಾಕಿದ ಗ್ರಾಫುಗಳನ್ನು ಇಳಿಸಿಕೊಂಡು ಇವನು ಚಿಕ್ಕೋಡಿಯ ಮನೆಯ ಪಡಸಾಲೆಯಲ್ಲಿ ಹಾಡಹಗಲೇ ಅಳೆಯುತ್ತಿದ್ದ. ರಾತ್ರಿ ಎಂಟೂವರೆಗೆಲ್ಲ ಮಲಗುವ ಖಗೋಳ ಸಂಶೋಧಕ ಇವನೊಬ್ಬನೇ ಇರಬೇಕು.

ನಕ್ಷತ್ರ ದೂಳಿನಿಂದ ಎಷ್ಟು ಕೆಂಪಾಗಿದೆ ಎಂಬುದನ್ನು ಬೇರೆಯವರು ಅಳೆದು ಹಳೆಯ ಪಟ್ಟಿಗಳಲ್ಲಿ ಕೊಟ್ಟಿದ್ದಾರೆ. ದೂಳು ಹೆಚ್ಚಿದ್ದಲ್ಲಿ ತಗ್ಗೂ ದೊಡ್ಡದು ಎಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಆದರೆ ಭೂಪಾಲನ ಚುಕ್ಕೆಗಳು ಒಂದೇ ಗೆರೆಯ ಮೇಲೆ ಎಷ್ಟು ಶಿಸ್ತಾಗಿ ಕೂತಿದ್ದವೆಂದರೆ, ಇಷ್ಟು ಬಿಗಿಯಾದ ಸಂಬಂಧವನ್ನು ಯಾರೂ ತೋರಿಸಿರಲಿಲ್ಲ. ಅವನ ಗೈಡ್ ಕಾಕಾಸಾಹೇಬ ಸರ್, ನಿವೃತ್ತರಾಗಿ ನಿಪ್ಪಾಣಿಯಲ್ಲಿದ್ದವರು, ಆ ಗ್ರಾಫನ್ನು ನೋಡಿ, "ಮೋತ್ಯಾಚೀ ಮಾಳ ಐತಿ ನೋಡು, ಮುತ್ತು ಪೋಣಿಸಿದಂಗ," ಎಂದಿದ್ದರು. ಹೊರಗಿನ ಒಂದು ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿಗೆ ಹೆಸರು ಹಚ್ಚಿ ವರ್ಷಗಳೇ ಕಳೆದಿದ್ದವು. ಅವಧಿಯನ್ನು ವಿಸ್ತರಿಸಿ ವಿಸ್ತರಿಸಿ ಇನ್ನು ವಿಸ್ತರಿಸಲು ಜಾಗವಿರಲಿಲ್ಲ.

ಇನ್ನು ಅವನ ಹೇಸಿಗೆಗಳಲ್ಲೆಲ್ಲ ದೊಡ್ಡ ಹೇಸಿಗೆಯ ಮಾತು. ನಮ್ಮ ಕಡೆಯ ಕಾಲೇಜುಗಳ ಫಿಸಿಕ್ಸ್ ಲ್ಯಾಬಿಗೆ ಹೋಗಿ ಬಂದವರಿಗೆಲ್ಲ ಇದು ಗೊತ್ತು, ಗೊತ್ತಿಲ್ಲ ಎನ್ನುವವರು ಸುಳ್ಳು ಹೇಳುತ್ತಾರೆ. ಪ್ರಯೋಗ ಮಾಡಿ ಉತ್ತರ ಕಂಡುಹಿಡಿಯುವುದು ಇಲ್ಲಿಯ ಪದ್ಧತಿಯಲ್ಲ. ಉತ್ತರ ಪುಸ್ತಕದಲ್ಲೇ ಇದೆ; ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಬಂದು, ಯಾವ ರೀಡಿಂಗ್ ಬಂದಿದ್ದರೆ ಈ ಉತ್ತರ ಬರುತ್ತಿತ್ತೋ ಅದನ್ನು ಜರ್ನಲ್ ಎಂಬ ಪ್ರಯೋಗದ ವಹಿಯಲ್ಲಿ ಬರೆಯುತ್ತಾರೆ. ಇದಕ್ಕೆ 'ಹೊಂದಿಸೋದು' ಎಂದು ಹೆಸರು. ಅಕ್ಕ ತಂಗಿಗೆ ಕಲಿಸುತ್ತಾಳೆ, ಸೀನಿಯರ್ ಜೂನಿಯರಿಗೆ ಕಲಿಸುತ್ತಾನೆ, ಮಾಸ್ತರರು ಕಣ್ಣು ಮುಚ್ಚಿ ಸಹಿ ಹಾಕುತ್ತಾರೆ. ಥೂ, ಇದೂ ಒಂದು ವಿಜ್ಞಾನವೇ! ಭೂಪಾಲನೊಬ್ಬ ಮಾತ್ರ ಸಹಿ ಹಾಕುತ್ತಿರಲಿಲ್ಲ. ಹೊಂದಿಸಿದ ರೀಡಿಂಗನ್ನು ಅವನು ಮೂಸಿಯೇ ಗುರುತಿಸುತ್ತಾನೆ ಎಂದು ಹುಡುಗರು ಆಡಿಕೊಳ್ಳುತ್ತಿದ್ದರು.

ಈ ವರ್ಷ ಸಿಕ್ಕಿಬಿದ್ದವಳು ಸಪನಾ. ಪಾಲಬಾವಿಯ ಹುಡುಗಿ, ಬಿಎಸ್ಸಿ ಕೊನೆಯ ವರ್ಷ. ಸೋಡಿಯಂ ದೀಪದ ಹಳದಿ ಬೆಳಕಿನ ಅಲೆಯುದ್ದ ಅಳೆಯುವ ಪ್ರಯೋಗ. ಪುಸ್ತಕದಲ್ಲಿ ಐದು ಸಾವಿರದ ಎಂಟುನೂರಾ ತೊಂಬತ್ಮೂರು ಎಂದಿದೆ, ಇವಳ ಜರ್ನಲ್ಲಿನಲ್ಲೂ ಸರಿಯಾಗಿ ಅಷ್ಟೇ. ಭೂಪಾಲ ಎದ್ದು ಹೋಗಿ ದೀಪದ ಸ್ವಿಚ್ಚು ಒತ್ತಿದ. ಹತ್ತಲಿಲ್ಲ. ಸುಟ್ಟುಹೋಗಿ ಎಷ್ಟು ಕಾಲವಾಗಿತ್ತೋ.

"ಈ ಲ್ಯಾಂಪ್ ಹತ್ತಿತ್ತೇನವಾ?"

"ಇಲ್ಲರಿ ಸರ್."

"ಮತ್ತ ಈ ರೀಡಿಂಗ್ ಎಲ್ಲಿಂದ ಬಂದ್ವು? ಮ್ಯಾಲಿಂದ ಉದುರಿದ್ವೇನು?"

ಸಪನಾ ಪೆನ್ನಿನ ಕ್ಯಾಪು ಕಚ್ಚಿದಳು. ಆಮೇಲೆ, ಅಳದೆ, ತಲೆಯನ್ನೂ ತಗ್ಗಿಸದೆ ಹೇಳಿದಳು: "ಲ್ಯಾಂಪ್ ಹತ್ತತಿದ್ದಾಗ ಮಾಡಿದವ್ರೂ ಹಿಂಗ ಬರದಾರ್ರಿ ಸರ್. ಲ್ಯಾಂಪ್ ಇಲ್ಲ ಅಂತ ನಾ ಬರದಿದ್ರ ನೀವು ಸಹಿ ಮಾಡ್ತಿದ್ರೇನ್ರಿ?"

ವಿದ್ಯಾರ್ಥಿ ತಿರುಗಿ ಪ್ರಶ್ನೆ ಕೇಳಿದರೆ ಮಾಸ್ತರರಿಗೆ ಬರುವ ಸಿಟ್ಟು ಎಲ್ಲರಿಗೂ ಗೊತ್ತಿರುವಂಥದ್ದೇ. ಅವನು ಆ ಜರ್ನಲ್ಲನ್ನು ಸತ್ತ ಇಲಿಯ ಬಾಲ ಹಿಡಿದಂತೆ ಎರಡು ಬೆರಳಲ್ಲಿ ಎತ್ತಿ ಮೇಜಿನಾಚೆ ಇಟ್ಟ. "ಇದನ್ನ ಮುಟ್ಟಾಕೂ ನಂಗ ಹೇಸಿಗಿ ಬರತೈತಿ. ತಗೊಂಡು ಹೋಗು," ಎಂದ. ಲ್ಯಾಬಿನಲ್ಲಿದ್ದವರೆಲ್ಲ ಕೇಳಿಸಿಕೊಂಡರು.

ಜರ್ನಲ್ಲಿಗೆ ಸಹಿಯಿಲ್ಲದಿದ್ದರೆ ಪ್ರಾಕ್ಟಿಕಲ್ ಪರೀಕ್ಷೆಗೆ ಕೂರಿಸುವುದಿಲ್ಲ. ಪ್ರಾಕ್ಟಿಕಲ್ ಇಲ್ಲದಿದ್ದರೆ ಡಿಗ್ರಿಯಿಲ್ಲ, ಡಿಗ್ರಿಯಿಲ್ಲದಿದ್ದರೆ ಅವಳು ಆಸೆಪಟ್ಟಿದ್ದ ಎಂಎಸ್ಸಿಯೂ ಇಲ್ಲ. ಸಹಿಗೆ ಕೊನೆಯ ದಿನ ಮುಂದಿನ ಶನಿವಾರ.

ಮರುದಿನ ಅವಳ ತಾಯಿ ಸುಂದರಾ ಬಂದಳು. ಪಾಲಬಾವಿಯಲ್ಲಿ ಅಂಗನವಾಡಿ ನಡೆಸುವವಳು, ಇಸ್ತ್ರಿ ಮಾಡಿದ ಸೀರೆ, ಹೆಗಲಿಗೆ ಚೀಲ. ದಲಿತ ಕೇರಿಯ ಬೌದ್ಧ ಮನೆತನ. ಕೈಮುಗಿದು ಗೋಗರೆಯುತ್ತಾಳೆಂದು ಭೂಪಾಲ ಸಿದ್ಧನಾಗಿ ಕೂತಿದ್ದ. ಕಿಟಕಿಯಿಂದ ಕಾಕಂಬಿಯ ನಾತ ಬರುತ್ತಿತ್ತು, ಕರವಸ್ತ್ರ ಮೂಗಿನ ಮೇಲೇ ಇತ್ತು.

"ನಮ್ಮ ಹುಡುಗಿ ತಪ್ಪು ಮಾಡ್ಯಾಳ್ರಿ, ಅದರ ಮಾತ ಬ್ಯಾರೆ," ಎಂದಳು ಸುಂದರಾ. "ನಾ ಒಂದು ಕೇಳಾಕ ಬಂದೀನಿ. ಮುಟ್ಟಾಕ ಹೇಸಿಗಿ ಬರತೈತಿ ಅಂದ್ರಂತ. ಯಾವುದನ್ನ ಮುಟ್ಟಾಕ್ರಿ?"

ಭೂಪಾಲನಿಗೆ ಒಂದು ಗಳಿಗೆ ಮಾತು ತಿಳಿಯಲಿಲ್ಲ. ತಿಳಿದಾಗ ಕುರ್ಚಿಯಿಂದ ಎದ್ದು ನಿಂತ. "ಅಯ್ಯ, ಹಂಗಲ್ಲರಿ ಬಾಯಾರ. ಆ ಸುಳ್ಳು ರೀಡಿಂಗ್ ಐತಲ್ಲರಿ, ಅದನ್ನ..."

"ಹಂಗಾದ್ರ ಚೊಲೋ ಆತು. ಆದ್ರ ಕೇಳಿದ ಮಂದಿಗೆ ಅದು ತಿಳಿಯೂದಿಲ್ಲರಿ ಸರ್. ಮೂಗಿಗೆ ಅರಿವಿ ಹಿಡಕೊಂಡು ಅಂದ್ರ ನಮಗೂ ತಿಳಿಯೂದಿಲ್ಲ." ಇಷ್ಟು ಹೇಳಿ ಅವಳು ನಮಸ್ಕಾರ ಮಾಡಿ ಹೋದಳು. ಸಹಿಯ ಮಾತೇ ಎತ್ತಲಿಲ್ಲ.

ಕರವಸ್ತ್ರವನ್ನು ಜೇಬಿಗೆ ತುರುಕಿದ ಭೂಪಾಲನಿಗೆ ಅವತ್ತು ಊಟ ಸೇರಲಿಲ್ಲ. ಆದರೂ ಮನಸ್ಸು ಬದಲಿಸಲಿಲ್ಲ. ತಾನು ಹಾಗೆ ಅಂದದ್ದು ತಪ್ಪಿರಬಹುದು, ಆದರೆ ಹೊಂದಿಸಿದ್ದು ಹೊಂದಿಸಿದ್ದೇ. ಸುಳ್ಳಿಗೆ ಸಹಿ ಹಾಕಿದರೆ ತನಗೂ ಉಳಿದವರಿಗೂ ಏನು ಫರಕು ಎಂದು ಹೆಂಡತಿಯ ಮುಂದೆ ವಾದಿಸಿದ. ತೃಪ್ತಿ ಪಾತ್ರೆ ತೊಳೆಯುತ್ತ ಕೇಳಿಸಿಕೊಂಡಳು.

ಭಾನುವಾರ ಮಧ್ಯಾಹ್ನ ಅವನು ಥೀಸಿಸ್ಸಿನ ಕೊನೆಯ ಚಿತ್ರಕ್ಕೆ ಕೂತ. ಅಳೆದ ನಕ್ಷತ್ರಗಳು ಆಕಾಶದಲ್ಲಿ ಎಲ್ಲೆಲ್ಲಿವೆ ಎಂದು ತೋರಿಸುವ ಒಂದು ನಕಾಶೆ ಹಾಕು, ಶೋಭಿಸುತ್ತದೆ ಎಂದು ಕಾಕಾಸಾಹೇಬ ಸರ್ ಹೇಳಿದ್ದರು. ನಕಾಶೆ ಬಂತು. ಎಣಿಸಿದರೆ ಒಂದು ಚುಕ್ಕೆ ಕಡಿಮೆ. ಮತ್ತೆ ಎಣಿಸಿದ, ಆಗಲೂ ಒಂದು ಕಡಿಮೆ. ದೊಡ್ಡದು ಮಾಡಿ ನೋಡಿದಾಗ ತಿಳಿಯಿತು: ಒಂದು ಚುಕ್ಕೆಯ ನೆತ್ತಿಯ ಮೇಲೇ ಇನ್ನೊಂದು ಚುಕ್ಕೆ ಕೂತಿತ್ತು.

ಎರಡು ನಕ್ಷತ್ರ ಒಂದೇ ಜಾಗದಲ್ಲಿ ಇರಲು ಸಾಧ್ಯವಿಲ್ಲ. ಅವು ಎರಡಲ್ಲ, ಒಂದೇ. ಒಂದು ಹಳೆಯ ಪಟ್ಟಿಯಲ್ಲಿ ಅದಕ್ಕೊಂದು ಸಂಖ್ಯೆ, ಇನ್ನೊಂದರಲ್ಲಿ ಬೇರೆ ಸಂಖ್ಯೆ. ಇವನು ಎರಡು ಪಟ್ಟಿ ಸೇರಿಸುವಾಗ ಎರಡೂ ಹೆಸರಿನಿಂದ ಎತ್ತಿಕೊಂಡಿದ್ದ. ನಮ್ಮ ಸೀಮೆಯವನಿಗೆ ಇದು ಹೊಳೆಯದೆ ಹೋದದ್ದೇ ನಗೆಗೇಡು. ಇಲ್ಲಿ ಒಬ್ಬನೇ ಮನುಷ್ಯ ಮನೆಯಲ್ಲಿ ಬಾಳಾಸಾಹೇಬ, ರೇಷನ್ ಕಾರ್ಡಿನಲ್ಲಿ ಬಾಳಪ್ಪ, ಗಡಿಯಾಚೆಯ ಬೀಗರಿಗೆ ಬಾಳೂದಾದಾ. ಯಾರೂ ಅವನನ್ನು ಮೂರು ಮಂದಿ ಎಂದು ಎಣಿಸುವುದಿಲ್ಲ.

ಪಟ್ಟಿ ಮಾಡಿದವರಿಗೆ ಬೈಯುತ್ತ ಅವನು ಎರಡೂ ಫೈಲು ತೆಗೆದ. ಗ್ರಾಫೂ ಒಂದೇ. ಅದೇ ವೀಕ್ಷಣಾಲಯ, ಅದೇ ರಾತ್ರಿ ಹಿಡಿದ ಅದೇ ಬೆಳಕು, ಅಲ್ಲಿಯ ಒಂದು ಸಣ್ಣ ಮುಳ್ಳಿನಂಥ ಕಲೆ ಕೂಡ ಎರಡರಲ್ಲೂ ಅದೇ ಜಾಗದಲ್ಲಿ. ಒಂದನ್ನು ಹೋದ ವರ್ಷ ಅಳೆದಿದ್ದ, ಇನ್ನೊಂದನ್ನು ಮಳೆಗಾಲದಲ್ಲಿ. ಒಂದರಲ್ಲಿ ತಗ್ಗಿನ ಅಳತೆ ನೂರಾ ಅರವತ್ತು ಬಂದಿತ್ತು. ಇನ್ನೊಂದರಲ್ಲಿ ಇನ್ನೂರಾ ಹತ್ತು.

ಭೂಪಾಲ ಫೋನ್ ಹಚ್ಚಿದ. ಕಾಕಾಸಾಹೇಬ ಸರ್ ಊಟ ಮಾಡಿ ಅಡ್ಡಾಗಿದ್ದರೆಂದು ಕಾಣುತ್ತದೆ, ದನಿ ಭಾರವಾಗಿತ್ತು. "ಅರೇ ಬಾಬಾ, ಇದಕ್ಯಾಕ ಇಷ್ಟ ಘಾಬರಿ ಆಗ್ತಿ? ಎರಡರಾಗ ಒಂದು ತಗದ್ ಒಗಿ. ಒಂದು ಪಾಯಿಂಟ್ ಕಡಿಮಿ ಆದ್ರ ಯಾರು ಕೇಳ್ತಾರ?"

"ಯಾವುದು ತಗೀಲಿರಿ ಸರ್?"

"ಗೆರಿಗೆ ದೂರ ಇರೋದನ್ನ ತಗಿಯಪಾ. ಇಷ್ಟೂ ನಾನ ಹೇಳಬೇಕೇನು?"

"ಎರಡೂ ಗೆರಿ ಮ್ಯಾಲೇ ಅದಾವ್ರಿ ಸರ್."

"ಹಂಗಾದ್ರ ಯಾವುದಾರ ತಗಿ," ಎಂದರು ಕಾಕಾಸಾಹೇಬ ಸರ್. "ಝಾಲಂ, ಮುಗೀತು. ಇನ್ನ ಎಂಟ ದಿನಕ್ಕ, ಸೋಮವಾರ ಕೊಡೋದೈತಿ, ತಲಿ ಕೆಡಿಸ್ಕೋಬ್ಯಾಡ."

ನಿಮಗೆ ತಿಳಿಯಿತೋ ಇಲ್ಲವೋ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಒಂದು ಪಟ್ಟಿ ಆ ನಕ್ಷತ್ರ ಕಡಿಮೆ ಕೆಂಪು ಎಂದಿತ್ತು. ಆಗ ಭೂಪಾಲ ಅಳೆದ ತಗ್ಗು ಸಣ್ಣದು ಬಂತು. ಇನ್ನೊಂದು ಪಟ್ಟಿ ಹೆಚ್ಚು ಕೆಂಪು ಎಂದಿತ್ತು. ಆಗ ಅದೇ ತಗ್ಗು ದೊಡ್ಡದು ಬಂತು. ನಕ್ಷತ್ರ ಬದಲಾಗಿರಲಿಲ್ಲ, ಬೆಳಕು ಬದಲಾಗಿರಲಿಲ್ಲ. ಅವನ ಕೈ ಬದಲಾಗಿತ್ತು. ಅವನು ಅಳೆಯುತ್ತಿದ್ದ ಕ್ರಮವೇ ಹಾಗಿತ್ತು: ಮೊದಲು ಪಟ್ಟಿ ತೆರೆಯುವುದು, ಎಷ್ಟು ಕೆಂಪು ಎಂದು ನೋಡುವುದು, ತಗ್ಗು ಎಷ್ಟಿರಬೇಕು ಎಂದು ಮನಸ್ಸಿನಲ್ಲೇ ಅಂದಾಜು ಕಟ್ಟುವುದು, ಆಮೇಲೆ ಗೆರೆ ಎಳೆಯುವುದು. ಅಂದಾಜಿಗೆ ಕೂಡದಿದ್ದರೆ ಗೆರೆ ಸರಿಯಾಗಿ ಕೂತಿಲ್ಲವೆಂದು ಅಳಿಸಿ ಮತ್ತೆ ಎಳೆಯುವುದು. ಕೂಡಿದರೆ ಅಲ್ಲಿಗೇ ನಿಲ್ಲಿಸುವುದು. ಕೂಡಿದ ಮೇಲೆ ಒಮ್ಮೆಯೂ ಅಳಿಸಿ ನೋಡಿದವನಲ್ಲ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವುದೆಂದರೆ ಇದೇ.

ಅವನು ಎದ್ದು ಹೋಗಿ ಕೈ ತೊಳೆದ. ಸಾಬೂನು ಹಚ್ಚಿ ಮತ್ತೆ ತೊಳೆದ. ಗುಟಕಾ, ಸಿಂಬಳ, ಎಂಜಲು ಪೆನ್ನು, ಇದುವರೆಗೆ ಕಂಡ ಹೇಸಿಗೆಗಳೆಲ್ಲ ಹೊರಗಿನವು, ಒರೆಸಿದರೆ ಹೋಗುತ್ತಿದ್ದವು. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ತೋರಿಸುವವರ ಗಾದೆಯನ್ನು ಅವನೇ ಸ್ಟಾಫ್ ರೂಮಿನಲ್ಲಿ ಎಷ್ಟು ಸಲ ಹೇಳಿರಲಿಲ್ಲ! ಮುತ್ತಿನ ಮಾಲೆಯಂಥ ಆ ಗ್ರಾಫನ್ನು ಪರದೆಯ ಮೇಲೆ ನೋಡಿದರೆ ಈಗ ವಾಕರಿಕೆ ಬಂತು. ಲ್ಯಾಪ್‌ಟಾಪು ಮುಚ್ಚಿದ. ಹೊತ್ತು ಮುಳುಗುವ ಮೊದಲು ತೃಪ್ತಿ ಊಟಕ್ಕೆ ಕರೆದಳು, ಬೇಡವೆಂದ.

"ಏನಾತ್ರಿ?" ಎಂದಳು ಅವಳು.

ಹೇಳಿದ. ಎಲ್ಲವನ್ನೂ ಹೇಳಿದ. ಅವಳು ಚಿಕ್ಕೋಡಿಯಲ್ಲೇ ಶಾಲೆಯೊಂದರಲ್ಲಿ ಮರಾಠಿ ಕಲಿಸುವವಳು, ಫಿಸಿಕ್ಸ್ ಅವಳ ಹಾದಿಯಲ್ಲ. ಆದರೆ ಇದು ತಿಳಿಯಲು ಫಿಸಿಕ್ಸ್ ಬೇಕಿರಲಿಲ್ಲ. "ಅಂದ್ರ ಆ ಪಾಲಬಾವಿ ಹುಡುಗಿ ಮಾಡಿದ್ದ, ನೀವು ಮಾಡೀರಿ," ಎಂದಳು.

"ಆಕಿಗೆ ಗೊತ್ತಿತ್ತು ಹೊಂದಿಸಾಕತ್ತೀನಿ ಅಂತ. ನಂಗ ಗೊತ್ತಿರಲಿಲ್ಲ."

"ಹಂಗಾದ್ರ ಆಕೀನ ವಾಸಿ."

ಭೂಪಾಲ ಮತ್ತೆ ಲ್ಯಾಪ್‌ಟಾಪು ತೆರೆದ. ಎಲ್ಲವನ್ನೂ ಮೊದಲಿನಿಂದ ಅಳೆಯಬೇಕು, ಆದರೆ ತಾನು ಅಳೆದರೆ ಮತ್ತೆ ಇದೇ ಕಥೆ: ಒಂದೊಂದು ನಕ್ಷತ್ರದ ಹೆಸರು ನೋಡಿದರೂ ಅದರ ಕೆಂಪು ಎಷ್ಟೆಂದು ಬಾಯಿಪಾಠ. ಗೊತ್ತಿರುವುದನ್ನು ಮರೆಯುವ ಉಪಾಯ ಯಾರ ಬಳಿಯೂ ಇಲ್ಲ. ಅದಕ್ಕೆ ಅವನು ತಗ್ಗಿನ ಆಚೀಚೆಯ ತುಂಡಷ್ಟನ್ನೇ ಕತ್ತರಿಸಿ ಇಟ್ಟು, ಫೈಲುಗಳ ಹೆಸರು ಬದಲಿಸಿ ಹಿಂದುಮುಂದು ಮಾಡಿ ಕೊಡು ಎಂದು ತೃಪ್ತಿಗೆ ಹೇಳಿದ. ಯಾವುದು ಯಾವುದೆಂದು ಅವಳಿಗಷ್ಟೇ ಗೊತ್ತಿರಬೇಕು.

"ಏನಂತ ಹೆಸರಿಡ್ಲಿ?"

"ಏನಾರ ಇಡು. ನಂಗ ಗುರುತು ಹತ್ತಬಾರದು."

ಮರುದಿನ ಅವನು ಕೂತು ಮೊದಲ ಫೈಲು ನೋಡಿದರೆ ಅದರ ಹೆಸರು ಉಳ್ಳಾಗಡ್ಡಿ. ಎರಡನೆಯದು ಬಳ್ಳೊಳ್ಳಿ. ಮುಂದೆ ಬಟಾಟಿ, ಗಜ್ಜರಿ, ಮೂಲಂಗಿ. ಆ ಮನೆಯ ಹೊಸ್ತಿಲು ದಾಟದ ಗಡ್ಡೆಗಳೆಲ್ಲ ಸಾಲಾಗಿ ನಿಂತಿದ್ದವು. ಗಡ್ಡೆಗಳು ಮುಗಿದ ಮೇಲೆ ಅವಳು ಗಂಡನ ಮೂಗಿಗೆ ಇಳಿದಿದ್ದಳು: ಗುಟಕಾ, ಸಿಂಬಳ, ಕಾಕಂಬಿ, ಬಸ್ ಸೀಟು. "ಮುಟ್ಟೂದಿಲ್ಲ ಅಂತಿದ್ರೆಲ್ಲ, ಈಗ ಮುಟ್ಟ್ರಿ," ಎಂದು ಅಡುಗೆಮನೆಯಿಂದ ನಕ್ಕಳು. ಭೂಪಾಲನಿಗೆ ನಗು ಬರಲಿಲ್ಲ. ಕಾಲೇಜಿನಿಂದ ಬಂದವನು ದಿನವೂ ಕೂತು ಬಳ್ಳೊಳ್ಳಿಯ ಮೇಲೆ ಗೆರೆ ಎಳೆದ, ಸಿಂಬಳದ ಮೇಲೆ ಗೆರೆ ಎಳೆದ. ಒಂದು ಸಲ ಎಳೆದದ್ದನ್ನು ಅಳಿಸುವುದಿಲ್ಲ ಎಂದು ತನಗೇ ಕಟ್ಟುಪಾಡು ಹಾಕಿಕೊಂಡಿದ್ದ. ಅಂದಾಜಿಲ್ಲದೆ ಗೆರೆ ಎಳೆಯುವುದೆಂದರೆ ಕತ್ತಲಲ್ಲಿ ಮೆಟ್ಟಿಲಿಳಿದ ಹಾಗೆ.

ಶುಕ್ರವಾರ ಬೆಳಿಗ್ಗೆ ತೃಪ್ತಿ ನಿಜವಾದ ಹೆಸರುಗಳನ್ನು ಹೇಳುತ್ತ ಹೋದಳು, ಅವನು ಚುಕ್ಕೆ ಇಡುತ್ತ ಹೋದ. ಎರಡು ಹೆಸರಿನ ಆ ನಕ್ಷತ್ರವನ್ನು ಅವಳು ಗಜ್ಜರಿ ಎಂದು ಒಂದು ಸಲ, ಗುಟಕಾ ಎಂದು ಒಂದು ಸಲ ಸೇರಿಸಿದ್ದಳು. ಎರಡರ ಅಳತೆಯೂ ಈ ಸಲ ಹೆಚ್ಚು ಕಡಿಮೆ ಒಂದೇ ಬಂದಿತ್ತು, ಹಳೆಯ ಎರಡೂ ಅಳತೆಗಳಿಗಿಂತ ಕೆಳಗೆ. ಉಳಿದವು ರಾಶಿ ಎತ್ತಿದ ಮೇಲೆ ಕಣದಲ್ಲಿ ಉಳಿದ ಕಾಳಿನ ಹಾಗೆ ಚೆಲ್ಲಾಪಿಲ್ಲಿ. ದೂಳು ಹೆಚ್ಚಾದರೆ ತಗ್ಗು ಹೆಚ್ಚು ಎಂಬುದೇನೋ ಉಳಿದಿತ್ತು. ಅದು ಹಿಂದಿನಿಂದಲೂ ಎಲ್ಲರಿಗೂ ಗೊತ್ತಿದ್ದದ್ದೇ. ಆ ಬಿಗಿ, ಯಾರೂ ತೋರಿಸಿರದ ಆ ಬಿಗಿ, ಅವನ ಕೈಯದಾಗಿತ್ತು.

ಸೋಮವಾರ ಥೀಸಿಸ್ ಕೊಡುವುದಿಲ್ಲವೆಂದು ಅವನು ಆಗಲೇ ಫೋನಿನಲ್ಲಿ ಹೇಳಿದಾಗ ಕಾಕಾಸಾಹೇಬ ಸರ್ ಮರಾಠಿಯಲ್ಲಿ ಬೈದರು, ಕನ್ನಡದಲ್ಲಿ ಬೈದರು. ರಿಜಿಸ್ಟ್ರೇಶನ್ ಬಿದ್ದುಹೋಗುತ್ತದೆ, ಇಷ್ಟು ವರ್ಷದ ದುಡಿತ ಹೊಳೆಗೆ ಹೋಗುತ್ತದೆ, ಹುಚ್ಚು ಹಿಡಿದಿದೆಯೇ ಎಂದರು. "ಎಲ್ಲಾರೂ ಮಾಡೂದು ಅದನ್ನೇ ಅಲ್ಲೋ, ಮಾರಾಯಾ," ಎಂದು ಕೊನೆಗೆ ನಿಟ್ಟುಸಿರುಬಿಟ್ಟರು. ಅದೇ ಮಾತನ್ನು ಭೂಪಾಲ ಲ್ಯಾಬಿನಲ್ಲಿ ಒಬ್ಬ ಹುಡುಗಿಯ ಬಾಯಿಂದಲೂ ಕೇಳಿದ್ದ. ಅವಳ ಮೇಲೆ ಬಂದಷ್ಟು ಸಿಟ್ಟು ಈ ಹಿರಿಯರ ಮೇಲೆ ಬರಲಿಲ್ಲ, ಬರೀ ಬೇಸರ ಬಂತು. ಫೋನಿಟ್ಟ.

ಅವತ್ತೇ ಮಧ್ಯಾಹ್ನ ಅಥಣಿಗೆ ಹೋಗಿ, ಅಲ್ಲಿಯ ಕಾಲೇಜಿನಲ್ಲಿದ್ದ ಗೆಳೆಯ ಸಮ್ಮೇದನ ಕಡೆಯಿಂದ ಒಂದು ಸೋಡಿಯಂ ದೀಪ ಕೇಳಿ ತಂದ. ಟವೆಲ್ಲಿನಲ್ಲಿ ಸುತ್ತಿ ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು, ಕುಡಚಿಯ ಸೇತುವೆಯ ಮೇಲೆ ಬಸ್ಸು ಕುಲುಕುವಾಗಲೆಲ್ಲ ಎರಡೂ ಕೈಯಿಂದ ಅವುಚಿಕೊಂಡ. ಹಾಗಾಗಿ ಕರವಸ್ತ್ರ ಹಿಡಿಯಲು ಕೈ ಉಳಿಯಲಿಲ್ಲ. ಪಕ್ಕದವನು ಇಡೀ ದಾರಿ ತಂಬಾಕು ತಿಕ್ಕಿ ತಿಕ್ಕಿ ಹೊಡೆದ. ಸೀನುತ್ತ, ಶಾಪ ಹಾಕುತ್ತ ಬಂದ.

ಶನಿವಾರ ಸಪನಾಳನ್ನು ಲ್ಯಾಬಿಗೆ ಕರೆಸಿದ. ದೀಪ ಹತ್ತಿತು, ಮೊದಲು ಗುಲಾಬಿ, ಆಮೇಲೆ ಹಳದಿ.

"ಮೊದಲಿನಿಂದ ಮಾಡು," ಎಂದ. ಹಾಗೆ ಹೇಳಿ, ಬೆಳಕನ್ನು ಬಿಡಿಸುವ ಗ್ರೇಟಿಂಗನ್ನು ಅವಳ ಕೈಗೆ ಕೊಟ್ಟ. ಅದು ಒತ್ತೊತ್ತಾಗಿ ಗೀರು ಕೊರೆದ ಗಾಜಿನ ಬಿಲ್ಲೆ. ಒಂದು ಇಂಚಿಗೆ ಎಷ್ಟು ಗೀರು ಎಂದು ಅದರ ಮೇಲೇ ಬರೆದಿರುತ್ತದೆ. ಆ ಸಂಖ್ಯೆಯಿಲ್ಲದೆ ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಲು ಬರುವುದಿಲ್ಲ. ಭೂಪಾಲ ಆ ಜಾಗಕ್ಕೆ ಕಾಗದ ಅಂಟಿಸಿದ್ದ. ದಿನಾ ಬಳಸುವ ಗ್ರೇಟಿಂಗೂ ಅದಾಗಿರಲಿಲ್ಲ, ಅದನ್ನೂ ಅಥಣಿಯಿಂದಲೇ ತಂದಿದ್ದ.

ಸಪನಾ ಕಾಗದವನ್ನು ನೋಡಿದಳು, ಅವನನ್ನು ನೋಡಿದಳು. "ಇದನ್ಯಾಕ ಮುಚ್ಚೀರಿ ಸರ್?"

"ನಂದೂ ಹಿಂಗ ಮುಚ್ಚಿಸ್ಕೊಂಡು ಅಳದು ಬಂದೀನವಾ." ದೀಪದ ಕಡೆ ಕೈ ತೋರಿಸಿದ: "ನಿನ್ನ ದೀಪ ಹತ್ತಿರಲಿಲ್ಲ. ನನ್ನ ನಕ್ಷತ್ರ ಹತ್ತಿದ್ವು. ಆದ್ರೂ ನಿನ್ನಂಗ ಹೊಂದಿಸೀನಿ. ನಿಮ್ಮವ್ವಗ ಹೇಳು, ಹೇಸಿಗಿ ಬರಬೇಕಾದ್ದು ಎಲ್ಲೆ ಅಂತ ನಂಗ ಈಗ ಗೊತ್ತಾಗೇತಿ ಅಂತ."

ಅವಳಿಗೆ ಎಷ್ಟು ತಿಳಿಯಿತೋ. ಸ್ಪೆಕ್ಟ್ರೋಮೀಟರಿಗೆ ಕಣ್ಣಿಟ್ಟು ಕೋನ ಓದಿದಳು, ಇಂಕಿನಲ್ಲಿ ಬರೆದಳು, ಮತ್ತೊಂದು ಬದಿಯ ಕೋನ ಓದಿದಳು. ಎಲ್ಲ ಬರೆದಾದ ಮೇಲೆ ಭೂಪಾಲ ಕಾಗದ ಕಿತ್ತು ಗೀರಿನ ಸಂಖ್ಯೆ ತೋರಿಸಿದ. ಅವಳು ಲೆಕ್ಕ ಹಾಕಿದಳು. ಐದು ಸಾವಿರದ ಎಂಟುನೂರಾ ನಲವತ್ತೊಂದು.

ಸಪನಾಳ ಮುಖ ಸಣ್ಣದಾಯಿತು. "ತಪ್ಪ ಬಂತ್ರಿ ಸರ್," ಎಂದಳು. ಅಭ್ಯಾಸಬಲ ನೋಡಿ, ಪೆನ್ನಿನ ತುದಿ ಆಗಲೇ ನಾಲ್ಕರ ಮೇಲೆ ಹೋಗಿ ನಿಂತಿತ್ತು. "ಸ್ವಲ್ಪ ಹೊಂದಿಸ್ಲೇನ್ರಿ?"

ಭೂಪಾಲ ಜೇಬಿಗೆ ಕೈ ಹಾಕಿದ. ಅವನ ಪೆನ್ನು ಚಿಕ್ಕೋಡಿಯ ಮನೆಯಲ್ಲಿ, ಲ್ಯಾಪ್‌ಟಾಪಿನ ಪಕ್ಕದಲ್ಲೇ ಉಳಿದಿತ್ತು. ಅವನು ಕೈ ಚಾಚಿದ. ಸಪನಾ ಪೆನ್ನನ್ನು ದುಪಟ್ಟಾದಿಂದ ಒರೆಸಲು ಹೋದಳು, ಅಷ್ಟರಲ್ಲಿ ಅವನೇ ಅವಳ ಬೆರಳಿಂದ ತೆಗೆದುಕೊಂಡ. ಹಿಂದೆ ಸಿಕ್ಕಿಸಿದ್ದ ಕ್ಯಾಪು ಹಲ್ಲಿನಿಂದ ಚಪ್ಪಟೆಯಾಗಿ, ಇನ್ನೂ ಹಸಿಯಾಗಿತ್ತು. ಐದು ಸಾವಿರದ ಎಂಟುನೂರಾ ನಲವತ್ತೊಂದರ ಕೆಳಗೆ ಸಹಿ ಹಾಕಿ, ತಾರೀಖು ಬರೆದು, ಪೆನ್ನನ್ನು ಅವಳಿಗೆ ಹಿಂತಿರುಗಿಸಿದ.